ಜೀವಕೋಶಗಳ ಗಾರೆಯನ್ನು ಹಿಡಿದುಕೊಟ್ಟ ಪ್ರತಿಕಾಯ

ಇಟ್ಟಿಗೆಗಳನ್ನು ಹಿಡಿದಿಡಲು ಗಾರೆ ಬೇಕು. ದೇಹದ ಜೀವಕೋಶಗಳನ್ನು ಹಿಡಿದಿಡುವ ಗಾರೆ ಯಾವುದು? ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಸಾತೋಶಿ ತಾಕೇಚಿ ಇದರ ಜಾಡು ಹಿಡಿದದ್ದು ಒಂದು ಗೊಂದಲದಿಂದ.

1970ರ ದಶಕದಲ್ಲಿ ಅವರು ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯಕ್ಕೆ ಹೋದರು. ಕ್ಯೋಟೋದಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಬಿಡಿಸಿದ ಕೋಶಗಳು ತಮ್ಮಷ್ಟಕ್ಕೆ ಮತ್ತೆ ಅಂಟಿಕೊಳ್ಳುತ್ತಿದ್ದವು. ಇಲ್ಲಿ ಅಂಟಲೇ ಇಲ್ಲ! ಕಾರಣ, ಇಲ್ಲಿನ ಟ್ರಿಪ್ಸಿನ್ ದ್ರಾವಣದಲ್ಲಿ ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳುವ ಇ.ಡಿ.ಟಿ.ಎ. ಬೆರೆತಿತ್ತು. ಕ್ಯಾಲ್ಸಿಯಂ ಇರುವವರೆಗೆ ಕಿಣ್ವಕ್ಕೆ ಜಗ್ಗದೆ, ಅದು ಹೋದೊಡನೆ ನಾಶವಾಗುವ ಯಾವುದೋ ಪ್ರೋಟೀನೇ ಗಾರೆಯಾಗಿರಬೇಕು ಎಂದು ಅವರು ತರ್ಕಿಸಿದರು.

ತರ್ಕ ಸರಿ, ಆದರೆ ಕೋಶದ ಮೈಮೇಲಿನ ನೂರಾರು ಪ್ರೋಟೀನುಗಳಲ್ಲಿ ಆ ಒಂದನ್ನು ಹುಡುಕುವುದೆಂತು? ಪ್ರತಿಕಾಯ ನೆರವಿಗೆ ಬಂತು. ಪರಕೀಯ ವಸ್ತು ಒಳಹೊಕ್ಕಾಗ ಅದನ್ನೇ ಗುರುತಿಸಿ ಹಿಡಿಯಲು ದೇಹ ತಯಾರಿಸುವ ಅಣುವೇ ಪ್ರತಿಕಾಯ. ಚಿಟ್ಟಿಲಿಯ ದೇಹಕ್ಕೆ ತನ್ನದೇ ಪ್ರೋಟೀನು ಪರಕೀಯವಲ್ಲ. ಆದ್ದರಿಂದ ತಾಕೇಚಿ ತಂಡ ಚಿಟ್ಟಿಲಿಯ ಗಡ್ಡೆಯ ಕೋಶಗಳನ್ನು ಬೇರೆ ಜಾತಿಯ, ದೊಡ್ಡ ಇಲಿಗೆ ಚುಚ್ಚಿತು. ಅದರಿಂದ ದೊರೆತ ಪ್ರತಿಕಾಯಗಳಲ್ಲಿ ಒಂದನ್ನು ಸಾಕಿದ ಕೋಶಗಳ ಮೇಲೆ ಹಾಕಿದಾಗ ಅವು ಒಂದನ್ನೊಂದು ಬಿಟ್ಟು ದೂರ ಸರಿದವು. ಅದರ ಹೆಸರು ಇ.ಸಿ.ಸಿ.ಡಿ.-1. ಅದು ಹಿಡಿದ ಪ್ರೋಟೀನಿಗೆ 1984ರಲ್ಲಿ ಕ್ಯಾಡ್ಹೆರಿನ್ ಎಂದು ನಾಮಕರಣವಾಯಿತು. ಮುಂದೆ ಇದರ ಬಂಧುಗಳು ಹಲವು ಸಿಕ್ಕಿದ್ದರಿಂದ ಇದು ಇ-ಕ್ಯಾಡ್ಹೆರಿನ್ ಆಯಿತು.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ರೋಲ್ಫ್ ಕೆಮ್ಲರ್ ಮತ್ತು ಸಂಗಡಿಗರು 1977ರಲ್ಲೇ ಇನ್ನೊಂದು ದಾರಿಯಿಂದ ಇದೇ ಜಾಗಕ್ಕೆ ಸಮೀಪಿಸಿದ್ದರು. ಎಂಟು ಕೋಶಗಳ ಹಂತದಲ್ಲಿ ಚಿಟ್ಟಿಲಿಯ ಭ್ರೂಣ ಬಿಗಿದುಕೊಂಡು ನುಣ್ಣಗಿನ ಉಂಡೆಯಾಗುತ್ತದೆ. ಮೊಲದಿಂದ ಪಡೆದ ಪ್ರತಿಕಾಯದ ತುಣುಕು ಸೇರಿಸಿದರೆ ಬಿಡಿಬಿಡಿ ದ್ರಾಕ್ಷಿಗೊಂಚಲಿನಂತೆ ಉಳಿಯುತ್ತದೆ; ತೊಳೆದು ತೆಗೆದರೆ ಮತ್ತೆ ಬಿಗಿದುಕೊಳ್ಳುತ್ತದೆ. ಆ ಪ್ರೋಟೀನೂ ಇ-ಕ್ಯಾಡ್ಹೆರಿನ್ನೇ ಎಂಬುದು ಬಳಿಕ ತಿಳಿಯಿತು. 2020ರ ಗೈರ್ಡ್ನರ್ ಪ್ರಶಸ್ತಿ ಇಬ್ಬರಿಗೂ ಸಂದಿದೆ.

ಇಲಿಯ ಭ್ರೂಣದ ಮಾತು ನಮಗೇಕೆ ಎಂದೀರಿ. ಈ ಗಾರೆ ಸಡಿಲಿದರೆ ಕೋಶಗಳು ಮೂಲಸ್ಥಾನ ಬಿಟ್ಟು ಹೊರಡುವುದು ಸುಲಭ. ಕ್ಯಾನ್ಸರಿಗೆ ಬೇಕಾದದ್ದೂ ಅದೇ. 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ಜಠರದ ಕ್ಯಾನ್ಸರಿಗೆ ಇ-ಕ್ಯಾಡ್ಹೆರಿನ್ ಜೀನಿನ ದೋಷವೇ ಕಾರಣವೆಂದು ಗೊತ್ತಾಯಿತು. ಈ ದೋಷ ಹೊತ್ತ ಕೆಲವರು ರೋಗ ಕಾಣಿಸಿಕೊಳ್ಳುವ ಮೊದಲೇ ಜಠರವನ್ನೇ ತೆಗೆಸಿಕೊಳ್ಳುತ್ತಾರೆ.

ಮಾನವನ ಇ-ಕ್ಯಾಡ್ಹೆರಿನ್ನಿಗೆ ಬೇರೆ ಪ್ರತಿಕಾಯಗಳಿವೆ. ಸ್ತನದ ಗಡ್ಡೆಯ ತೆಳು ಸೀಳಿಗೆ ಅದನ್ನು ಹಾಕಿ ಬಣ್ಣ ಬರಿಸಿದಾಗ, ಸಾಮಾನ್ಯವಾಗಿ ನಾಳದ ಬಗೆಯ ಕ್ಯಾನ್ಸರಿನಲ್ಲಿ ಕೋಶಗಳ ಅಂಚು ಕಂದಾಗುತ್ತದೆ. ಲೋಬ್ಯುಲರ್ ಬಗೆಯಲ್ಲಿ ಹೆಚ್ಚಾಗಿ ಬಣ್ಣವೇ ಹಿಡಿಯುವುದಿಲ್ಲ. ಕೋಶಗಳೂ ಇರುವೆ ಸಾಲಿನಂತೆ ಒಂದರ ಹಿಂದೊಂದು ನಿಂತಿರುತ್ತವೆ. ಕೆಲವು ಲೋಬ್ಯುಲರ್ ಗಡ್ಡೆಗಳು ಬಣ್ಣ ಹಿಡಿಯುವುದೂ ಉಂಟು. ಹೀಗಾಗಿ ರೋಗತಜ್ಞರು ಬಣ್ಣವೊಂದನ್ನೇ ನಂಬದೆ ಕೋಶಗಳ ರೂಪವನ್ನೂ ನೋಡಿಯೇ ವರದಿ ಬರೆಯುತ್ತಾರೆ.