ಕಪಾಟು ಮಾರುವ ಮುನ್ನ ಡ್ರಾಯರ್ ಎಳೆದು ನೋಡಿ

ಊಟದ ಕೋಣೆಯ ಗೋಡೆಗೆ ಹೊಂದಿಸಿ, ತಟ್ಟೆ ಬಟ್ಟಲು ಇಡಲು ಬಳಸುವ ಉದ್ದನೆಯ ಗಿಡ್ಡ ಕಪಾಟಿಗೆ ಸೈಡ್‌ಬೋರ್ಡ್ ಎನ್ನುತ್ತಾರೆ. ಅದು ಈಗಿನ ರೂಪ ಪಡೆದದ್ದು 18ನೇ ಶತಮಾನದ ಕೊನೆಗೆ, ಇಂಗ್ಲೆಂಡಿನಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ನೆಲದ ಮೇಲೆ ಕುಳಿತು ಉಣ್ಣುವುದು ರೂಢಿ. ಹಳೆಯ ಮನೆಗಳಲ್ಲಿ ಆ ಕೆಲಸ ಗೋಡೆಯ ಮಾಡ, ನಾಗಂದಿಗೆಗಳದಾಗಿತ್ತು. ಕಟ್ಟಿಗೆಯ ಕಪಾಟು ಬಂದದ್ದು ಆಮೇಲೆ.

ಹಳೆ ಮನೆ ಕೆಡವುವಾಗ ಈ ಕಪಾಟು ಉರುವಲಿನ ಬೆಲೆಗೆ ಹೋಗುವುದುಂಟು. ವಿದ್ಯಾರ್ಥಿಗಳೇ, ಮಾರುವ ಮುನ್ನ ಒಂದು ಡ್ರಾಯರ್ ಹೊರಗೆಳೆದು ಮೂಲೆ ನೋಡಿ. ಪಾರಿವಾಳದ ಬಾಲದಂತಹ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿವೆಯೇ? ಅಳತೆ ಹೆಚ್ಚು ಕಡಿಮೆ ಇದ್ದರೆ ಅದು ಬಡಿಗೇರರ ಕೈಕೆಲಸ. ಎಲ್ಲವೂ ಒಂದೇ ಸಮ ಇದ್ದರೆ ಯಂತ್ರದ್ದಿರಬಹುದು. ಹಿಂಬದಿಗೆ ಪ್ಲೈವುಡ್ ಇದ್ದರೆ ಕಪಾಟು ತೀರ ಹಳೆಯದಲ್ಲ, ಇಲ್ಲವೇ ನಡುವೆ ರಿಪೇರಿ ಆಗಿದೆ.

ಪಾಲಕರಿಗೆ ಒಂದು ಮಾತು: ಹೊಳಪಿನ ಆಸೆಗೆ ಪಾಲಿಶ್ ಪೇಪರ್ ಉಜ್ಜಿ ಆಯಿಲ್ ಪೇಂಟ್ ಬಳಿಯಬೇಡಿ. ವರ್ಷಗಟ್ಟಲೆ ಕೈ ತಾಗಿ ಬಂದ ಬಣ್ಣ ಒಮ್ಮೆ ಹೋದರೆ ಮತ್ತೆ ಬಾರದು. ಒಣ ಬಟ್ಟೆಯಿಂದ ಒರೆಸಿ, ಕಾಲುಗಳಿಗೆ ತೇವ, ಗೆದ್ದಲು ತಾಗದಂತೆ ನೋಡಿಕೊಂಡರೆ ಸಾಕು.

ಕಿನ್ನಾಳದ ಮರದ ಬೊಂಬೆಗಳಿಗೆ ಹೆಸರಾದ ಜಿಲ್ಲೆ ನಮ್ಮದು. ಮನೆಯ ಕಪಾಟು ಮಾಡಿದವರ ಹೆಸರು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅಜ್ಜಿಯನ್ನು ಕೇಳಿ, ಚೀಟಿಯಲ್ಲಿ ಬರೆದು, ಡ್ರಾಯರಿನೊಳಗೆ ಇಡಿ.