ಅಪ್ಪನ ಹೆಸರಿನ ದೇವರು, ಆಷಾಢದ ತೇರು

ಆಷಾಢ ಬಂತೆಂದರೆ ಹಳೇ ಮೈಸೂರು ಸೀಮೆಯಲ್ಲಿ ಹೊಸ ಸೊಸೆ ತವರಿಗೆ ಹೊರಡುತ್ತಾಳೆ. ಅತ್ತೆ, ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಎಂಬುದು ರೂಢಿ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಛತ್ರಗಳಿಗೆಲ್ಲ ಬೀಗ. ಇಂಥ ತಿಂಗಳಲ್ಲೇ, ಪೂರ್ವಾಷಾಢ ನಕ್ಷತ್ರದ ದಿನ, ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. ಅಂದು ರಥದ ಬೀದಿಯಲ್ಲಿ ಎತ್ತ ನೋಡಿದರೂ ನವದಂಪತಿಗಳೇ. ಹೆಣ್ಣು ತವರಿನಿಂದ ಬರುತ್ತಾಳೆ, ಗಂಡು ತನ್ನೂರಿನಿಂದ ಬರುತ್ತಾನೆ. ತಿಂಗಳಿಡೀ ದೂರವಿರಬೇಕಾದವರಿಗೆ ಒಂದು ದಿನದ ಭೇಟಿಯನ್ನು ದೇವರೇ ಒದಗಿಸಿಕೊಟ್ಟಂತೆ!

ನಾನು ಹೋದದ್ದೂ ಈ ಜೋಡಿಗಳನ್ನು ನೋಡಲೆಂದೇ. ಮದುವೆಯ ರೇಷ್ಮೆ ಸೀರೆ, ಇನ್ನೂ ಮಾಸದ ಅರಿಶಿನದ ದಾರ, ಕೈತುಂಬ ಹಸಿರು ಬಳೆ. ಬೀದಿಯ ಎರಡೂ ಬದಿಗೆ ಹಣ್ಣು ಜವನ ಮಾರುವವರು ಗೋಣಿ ಹಾಸಿ ಕೂತಿರುತ್ತಾರೆ. ಬಾಳೆಹಣ್ಣಿನ ತುದಿ ಸೀಳಿ ಜವನದ ಕಡ್ಡಿ ಸಿಕ್ಕಿಸಿದರೆ ಮುಗಿಯಿತು, ಎಸೆಯಲು ಸಿದ್ಧ. ತೇರು ಹತ್ತಿರ ಬರುವವರೆಗೆ ಹಣ್ಣು ಹೆಂಡತಿಯ ಕೈಯಲ್ಲಿ. ಬಂದ ಕೂಡಲೇ ಇಬ್ಬರೂ ಕಣ್ಣಿಗೊತ್ತಿಕೊಂಡು, ಅವನು ಒಂದು, ಅವಳು ಒಂದು ಬೀಸುತ್ತಾರೆ. ಕಳಶಕ್ಕೆ ತಾಗಿದರೆ ಬೇಡಿಕೊಂಡದ್ದು ನಡೆಯುತ್ತದೆ ಎಂಬ ನಂಬಿಕೆ. ಬಹುಪಾಲು ಹಣ್ಣು ತೇರಿನ ಬಟ್ಟೆಗೆ ಬಡಿದು ಜನರ ತಲೆಯ ಮೇಲೆ ಬೀಳುತ್ತದೆ. ಯಾರೂ ಮುನಿಸಿಕೊಳ್ಳುವುದಿಲ್ಲ, ಬಿದ್ದದ್ದನ್ನು ಪ್ರಸಾದವೆಂದು ಸೆರಗಿಗೆ ಹಾಕಿಕೊಳ್ಳುತ್ತಾರೆ. ಮಿಣಿ ಎಳೆಯುವವರ ಕೂಗು, ಗಾಲಿಗೆ ಸನ್ನೆಮರ ಕೊಡುವವರ ಎಚ್ಚರಿಕೆ, ಕಾಲಡಿಯಲ್ಲಿ ತುಳಿದ ಜವನದ ಗಮಲು ಬೀದಿಯ ತುಂಬ. ದೇವಸ್ಥಾನಕ್ಕೆ ಇನ್ನಾವಾಗ ಹೋದರೂ ಸಿಗದ ಚಾಮರಾಜನಗರ ಇದು.

ಈ ತೇರು ಕೆಲವು ವರ್ಷ ನಿಂತೇ ಹೋಗಿತ್ತು. 2017ರ ಫೆಬ್ರುವರಿಯಲ್ಲಿ ದುಷ್ಕರ್ಮಿಯೊಬ್ಬ ಹಚ್ಚಿದ ಬೆಂಕಿಗೆ ಹಳೆಯ ರಥ ಸುಟ್ಟಿತು. ಹೊಸದು ಸಿದ್ಧವಾಗುವುದು ತಡವಾಯಿತು, ನಡುವೆ ಕೊರೊನಾ ಬಂತು. ಅಷ್ಟು ವರ್ಷಗಳಲ್ಲಿ ಮದುವೆಯಾದವರು ತೇರಿಲ್ಲದ ಆಷಾಢವನ್ನೇ ಕಂಡರು. ಹೊಸ ರಥ ಬೀದಿಗಿಳಿದದ್ದು 2022ರ ಜುಲೈಯಲ್ಲಿ. ಆ ವರ್ಷ ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಬಂದು, ತಪ್ಪಿಹೋಗಿದ್ದ ಹಣ್ಣು ಜವನವನ್ನು ಎಸೆದವರೂ ಇದ್ದರೆಂದು ಊರಿನವರು ಹೇಳುತ್ತಾರೆ.

ದೇವಸ್ಥಾನದ ಕಥೆಯೂ ಮನಸ್ಸಿಗೆ ಹತ್ತಿರದ್ದೇ. ಊರಿನ ಮೊದಲ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ, 1774ರಲ್ಲಿ. ಆ ಜಾಗದ ಜನನ ಮಂಟಪ ಈಗಲೂ ಇದೆ. ರಾಜಮನೆತನದ ಮಕ್ಕಳನ್ನೆಲ್ಲ ಆಟದ ಸಾಮಾನುಗಳ ನಡುವೆ ಬಿಟ್ಟು ಹೈದರಲಿ ಪರೀಕ್ಷಿಸಿದನಂತೆ, ಈ ಮಗು ಕಠಾರಿಗೆ ಕೈ ಹಾಕಿತಂತೆ. ಹಾಗೆ 1776ರಲ್ಲಿ ಪಟ್ಟ. ಅವರು ತೀರಿಕೊಂಡದ್ದು 1796ರಲ್ಲಿ. ಆಗ ಮಗ ಮುಮ್ಮಡಿ ಕೃಷ್ಣರಾಜರಿಗೆ ಎರಡು ವರ್ಷ. ಅಪ್ಪನ ಮುಖವೂ ನೆನಪಿರಲಾರದ ಆ ಮಗ ಬೆಳೆದು, 1818ರಲ್ಲಿ ಊರಿಗೆ ಅಪ್ಪನ ಹೆಸರಿಟ್ಟರು. 1826ರಲ್ಲಿ ಗುಡಿ ಕಟ್ಟಿಸಿದರು. ಲಿಂಗಕ್ಕೆ ಅಪ್ಪನ ಹೆಸರು, ಚಾಮರಾಜೇಶ್ವರ. ಅಮ್ಮನವರಿಗೆ ಹೆತ್ತ ತಾಯಿಯ ಹೆಸರು, ಕೆಂಪನಂಜಾಂಬಾ. ಗುಡಿಯಲ್ಲಿ ದಂಪತಿಗಳಾಗಿ ಪೂಜೆಗೊಳ್ಳುತ್ತಿರುವುದು ಒಬ್ಬ ಮಗನ ಅಪ್ಪ, ಅಮ್ಮನ ಹೆಸರುಗಳು. ಹೊಸ ಜೋಡಿಗಳು ಇಲ್ಲಿಗೇ ಬರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿಲ್ಲ. ಈ ಊರಿಗೆ ಬಂದರೆ ಅಧಿಕಾರ ಹೋಗುತ್ತದೆಂದು ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ದೂರ ಉಳಿದರು. ಮದುಮಕ್ಕಳು ಮಾತ್ರ ಶುಭವಲ್ಲದ ತಿಂಗಳಲ್ಲೂ ಹುಡುಕಿಕೊಂಡು ಬಂದರು.

ಅಪ್ಪನಿಗಾಗಿ ಮಗ ಕಟ್ಟಿಸಿದ ಇನ್ನೊಂದು ಗುಡಿ ಇದೇ ಜಿಲ್ಲೆಯಲ್ಲಿದೆ. ತೆರಕಣಾಂಬಿ ದಾರಿಯಲ್ಲಿ ಗುಂಡ್ಲುಪೇಟೆಗೆ ಹೋಗಬೇಕು. ಚಿಕ್ಕದೇವರಾಜ ಒಡೆಯರ ತಂದೆ ದೊಡ್ಡದೇವರಾಜರು ಕೊನೆಯುಸಿರೆಳೆದದ್ದು ಅಲ್ಲಿ. 1673ರಲ್ಲಿ ಪಟ್ಟಕ್ಕೆ ಬಂದ ಮಗ ಅವರ ನೆನಪಿಗೆ ಪರವಾಸುದೇವನ ಗುಡಿ ಕಟ್ಟಿಸಿದರು, ಪೇಟೆ ಬೆಳೆಸಿದರು. ಇದು ಚಾಮರಾಜೇಶ್ವರನಿಗಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಆದರೆ ಊರು ಆಚೆಗೆ ಸರಿಯಿತು, ಪೂಜೆ ನಿಂತಿತು, ಗುಡಿ ಪಾಳುಬಿತ್ತು. ಉತ್ಸವಮೂರ್ತಿ ಊರೊಳಗಿನ ವಿಜಯನಾರಾಯಣನ ಆಶ್ರಯ ಸೇರಿತು.

ಊಟಿಗೆ, ವಯನಾಡಿಗೆ ಹೋಗುವ ಕಾರುಗಳು ಗುಂಡ್ಲುಪೇಟೆಯಲ್ಲಿ ಕಾಫಿಗೆ ನಿಲ್ಲುತ್ತವೆ. ಚೆಂಡು ಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಸ್ಸು ಕೇಳುತ್ತಾರೆ. ಪರವಾಸುದೇವನನ್ನು ಕೇಳುವವರು ವಿರಳ. ಬೆಂಕಿಗೆ ಬಿದ್ದ ತೇರನ್ನು ಮತ್ತೆ ಕಟ್ಟಿ ನಿಲ್ಲಿಸಿದ ಜಿಲ್ಲೆ ಇದು. ಈ ಗುಡಿಗೂ ಅಷ್ಟೇ ಅಕ್ಕರೆ ಸಿಗಬೇಕಿತ್ತು. ಆಷಾಢದ ತೇರಿಗೆ ಗುಂಡ್ಲುಪೇಟೆ ತಾಲ್ಲೂಕಿನ ಜೋಡಿಗಳೂ ಬರುತ್ತಾರೆ. ಹಣ್ಣು ಜವನ ಎಸೆದು ಬಸ್ಸು ಹತ್ತಿದವರು ಊರಿನಲ್ಲಿಳಿದು ಈ ಗುಡಿಯತ್ತಲೂ ಒಮ್ಮೆ ಹೋಗಿಬರುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.