ನೀರು ಅಳೆದುಕೊಟ್ಟ ದಾರಿ, ಒಂದೂವರೆ ಇಂಚಿನ ಟೈರು

ಸಿಂಧನೂರಿನ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಎಂದರೆ ಮೈಲಿಗಳ ಲೆಕ್ಕ. 69ನೇ ಮೈಲಿಯಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿಗೆ ಎಷ್ಟು ನೀರು ಮುಟ್ಟಿತು ಎಂಬುದರ ಮೇಲೆ ಟೇಲೆಂಡಿನ (ಕಾಲುವೆಯ ಕೊನೆಭಾಗದ) ಭತ್ತ ನಿಂತಿರುತ್ತದೆ. 1953ರಲ್ಲಿ ಜಲಾಶಯದಿಂದ ಮೊದಲ ನೀರು ಹರಿದಾಗಿನಿಂದ ಎಲ್ಲರ ಕಣ್ಣೂ ಆ ನೀರಿನ ಮೇಲೆಯೇ. ಅದರ ಮಗ್ಗುಲಲ್ಲೇ ಸಾಗುವ ಮರಂ (ಗರಸು ಮಣ್ಣು) ಹಾಸಿನ ದಂಡೆ ದಾರಿಯನ್ನು ಗ್ಯಾಂಗ್‌ಮನ್‌ಗಳನ್ನೂ ಹೊಲಕ್ಕೆ ಹೋಗುವವರನ್ನೂ ಬಿಟ್ಟರೆ ಗಮನಿಸುವವರು ಕಡಿಮೆ. ಸೈಕಲ್ ಎಂಬ ಯಂತ್ರಕ್ಕೆ ಹೇಳಿ ಮಾಡಿಸಿದ ದಾರಿಯೊಂದು ನಮ್ಮ ಸೀಮೆಯಲ್ಲಿದ್ದರೆ ಅದು ಇದೇ. ಕಾರಣ ತಿಳಿಯಲು ಕಾಲುವೆ, ಗಾಳಿ, ಟೈರು ಈ ಮೂರರ ಲೆಕ್ಕವನ್ನು ಒಟ್ಟಿಗೆ ನೋಡಬೇಕು.

ಮೊದಲು ಕಾಲುವೆ. ಮುನಿರಾಬಾದಿನ ಬಳಿ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹೋಗುವ ಇದರ ಉದ್ದ ಸುಮಾರು 227 ಕಿಲೋಮೀಟರ್. ಇಷ್ಟು ದೂರ ನೀರನ್ನು ಒಯ್ಯಲು ಪಂಪಿಲ್ಲ, ಇಳಿಜಾರೇ ಎಲ್ಲ. ಇಳಿಜಾರು ಹೆಚ್ಚಾದರೆ ನೀರು ವೇಗ ಪಡೆದು ತಳ ಮತ್ತು ದಂಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಇನ್ನೊಂದು ಮಾತೂ ಇದೆ: ಕಾಲುವೆ ಎಷ್ಟು ಎತ್ತರದಲ್ಲಿ ಉಳಿಯುತ್ತದೋ ಅಷ್ಟು ಹೆಚ್ಚು ಹೊಲ ಅದರ ಕೆಳಗೆ ಬರುತ್ತದೆ. ಆದ್ದರಿಂದ ಎಂಜಿನಿಯರುಗಳು ಎತ್ತರವನ್ನು ಜಿಪುಣತನದಿಂದ ಖರ್ಚು ಮಾಡುತ್ತಾರೆ. ದೊಡ್ಡ ನೀರಾವರಿ ಕಾಲುವೆಗಳಲ್ಲಿ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಇಳಿದರೆ ಸಾಕು. ಗುಡ್ಡ ಎದುರಾದರೆ ಬಳಸಿ ಹೋಗಬೇಕು, ಇಲ್ಲವೇ ಗಂಗಾವತಿ ಕಡೆಯ ಪಾಪಯ್ಯ ಸುರಂಗದ ಹಾಗೆ ಕೊರೆದು ಹೋಗಬೇಕು. ಹಳ್ಳ ಬಂದರೆ ಮೇಲ್ಗಾಲುವೆ ಕಟ್ಟಿ ದಾಟಬೇಕು. ನೀರಿಗಾಗಿ ಹೀಗೆ ಅಳೆದ ಮಟ್ಟವೇ ದಂಡೆಯ ದಾರಿಗೂ ಪುಕ್ಕಟೆಯಾಗಿ ಸಿಕ್ಕಿದೆ.

ಕಾಲುವೆಯ ಕೆಳಮುಖವಾಗಿ ಹೋಗುವಾಗ ಬಲಕ್ಕೆ ನದಿಯವರೆಗೆ ಭತ್ತದ ಗದ್ದೆಗಳು. ಎಡಕ್ಕೆ, ಮಸ್ಕಿ ಲಿಂಗಸುಗೂರಿನ ಕಡೆಗೆ ಏರುವ ನೆಲದಲ್ಲಿ, ಹೆಚ್ಚಾಗಿ ಮಳೆಯಾಶ್ರಿತ ಜೋಳ, ತೊಗರಿ, ಕಡಲೆ. ಪಂಪು ಹಚ್ಚಿ ನೀರೆತ್ತಿದ ಕಡೆ ಮಾತ್ರ ಆ ಬದಿಯೂ ಹಸಿರು. ಸೈಕಲ್ ಸವಾರ ಓಡುತ್ತಿರುವುದು ಈ ಎರಡು ಬೇಸಾಯಗಳ ಗಡಿರೇಖೆಯ ಮೇಲೆ.

ಇನ್ನು ಸವಾರನ ಶ್ರಮವನ್ನು ವಾಟಿನಲ್ಲಿ ಅಳೆಯೋಣ. ಸವಾರ, ಸೈಕಲ್ ಎರಡೂ ಸೇರಿ 80 ಕೆ.ಜಿ. ಇರಲಿ, ವೇಗ ಗಂಟೆಗೆ 15 ಕಿ.ಮೀ. ಚೆನ್ನಾಗಿ ಕೂತ ಮರಂ ಮೇಲೆ ಟೈರು ಉರುಳುವುದಕ್ಕೇ ಸುಮಾರು 33 ವಾಟ್ ಬೇಕು. ಬೆನ್ನು ನೆಟ್ಟಗೆ ಮಾಡಿ ಕೂತವನ ಮೈ ಗಾಳಿಯನ್ನು ಸೀಳಲು ಇನ್ನೊಂದು 26 ವಾಟ್. ಒಟ್ಟು 60 ವಾಟ್, ಮನೆಯ ಸೀಲಿಂಗ್ ಫ್ಯಾನ್ ತಿನ್ನುವುದಕ್ಕಿಂತ ತುಸು ಕಡಿಮೆ. ಐವತ್ತು ಮೀಟರಿಗೆ ಒಂದು ಮೀಟರ್ ಏರುವ ಸಾಧಾರಣ ಚಡಾವು ಬಂದರೂ ಈ ಶ್ರಮ ಇಮ್ಮಡಿಯಾಗುತ್ತದೆ. ಕಾಲುವೆ ದಂಡೆಯಲ್ಲಿ ಕಿಲೋಮೀಟರಿಗೆ 20 ಸೆಂಟಿಮೀಟರ್ ಏರುತ್ತಾ ಮೇಲ್ಮುಖವಾಗಿ ಹೋದರೆ ಹೆಚ್ಚುವರಿ ಖರ್ಚು ಒಂದು ವಾಟ್ ಕೂಡ ಆಗುವುದಿಲ್ಲ. ನೀರಿಗೆ ದಿಕ್ಕು ತೋರಿಸಲು ಸಾಕಾಗುವ ಇಳಿಜಾರು ಸವಾರನ ಕಾಲಿಗೆ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ. 15ರ ವೇಗವನ್ನು 30ಕ್ಕೆ ಏರಿಸಿದರೆ ಗಾಳಿಗೆ ತೆರುವುದು ಎಂಟು ಪಟ್ಟು, ಒಟ್ಟು 270 ವಾಟ್ ದಾಟುತ್ತದೆ. ಪಳಗಿದ ಕ್ರೀಡಾಪಟುವಿಗೂ ಅದು ಬೆವರಿಳಿಸುವ ಕೆಲಸ. ಆಷಾಢದಲ್ಲಿ ಈ ಬಯಲಿನ ಮೇಲೆ ಪಶ್ಚಿಮದಿಂದ, ನೈಋತ್ಯದಿಂದ ಬೀಸುವ ಮುಂಗಾರು ಗಾಳಿಗೆ ಅಡ್ಡ ನಿಲ್ಲುವ ಗುಡ್ಡವಿಲ್ಲ, ಏರಿಯ ಮೇಲಿನ ಸವಾರನಿಗೆ ಮರೆಯೂ ಇಲ್ಲ. ಗಂಟೆಗೆ 15 ಕಿ.ಮೀ. ಗಾಳಿ ಎದುರಾದರೆ ಅದೇ 15ರ ವೇಗಕ್ಕೆ ಸುಮಾರು 137 ವಾಟ್ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ ಗಾಳಿಯ ತಡೆ ಸೊನ್ನೆ, ಬರೀ 33 ವಾಟಿನಲ್ಲಿ ಸೈಕಲ್ ಸಾಗುತ್ತದೆ. ಕಾಲುವೆ ಒಟ್ಟಾರೆ ಈಶಾನ್ಯಕ್ಕೆ ಹರಿಯುವುದರಿಂದ ಮುಂಗಾರಿನಲ್ಲಿ ಸಿಂಧನೂರಿನಿಂದ ಕಾರಟಗಿ ದಿಕ್ಕಿಗೆ ಮೊದಲು ತುಳಿದು, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುವುದು ಜಾಣತನ.

ಮೂರನೆಯದು ಟೈರು. ಸ್ಕಾಟ್ಲೆಂಡ್ ಮೂಲದ ಪಶುವೈದ್ಯ ಜಾನ್ ಡನ್‌ಲಪ್ 1888ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಗಾಳಿ ತುಂಬಿದ ಸೈಕಲ್ ಟೈರಿಗೆ ಪೇಟೆಂಟ್ ಪಡೆದ. ಆ ಟೈರಿನ ಗುಣ ಬಯಲಾಗುವುದು ಒರಟು ನೆಲದಲ್ಲೇ. ಗಟ್ಟಿ ಚಕ್ರ ಕಲ್ಲು ಸಿಕ್ಕಿದಾಗಲೆಲ್ಲ ಇಡೀ ಸೈಕಲನ್ನೂ ಸವಾರನನ್ನೂ ಎತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಸವಾರನ ಮಾಂಸಖಂಡಗಳ ನಡುಕದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಗಾಳಿ ತುಂಬಿದ ಟೈರು ಕಲ್ಲಿನ ಸುತ್ತ ಬಾಗಿ ಅದನ್ನು ನುಂಗಿಕೊಂಡು ಮುಂದೆ ಹೋಗುತ್ತದೆ.

ಗಾಳಿ ಎಷ್ಟಿರಬೇಕು? ಟೈರು ನೆಲವನ್ನು ಮುಟ್ಟುವ ಜಾಗದ ಅಳತೆ ಹೆಚ್ಚುಕಡಿಮೆ ಭಾರವನ್ನು ಒತ್ತಡದಿಂದ ಭಾಗಿಸಿದಷ್ಟು. ಹಿಂದಿನ ಚಕ್ರದ ಮೇಲೆ 50 ಕೆ.ಜಿ. ಇದ್ದು, ಒಳಗೆ 50 ಪಿಎಸ್‌ಐ ಗಾಳಿಯಿದ್ದರೆ ನೆಲಕ್ಕೆ ತಾಗುವುದು 14 ಚದರ ಸೆಂಟಿಮೀಟರ್. ಗಾಳಿ ಅರ್ಧಕ್ಕಿಳಿದರೆ 28. ಸಡಿಲ ಮರಳಿನಲ್ಲಿ, ಹೊಸದಾಗಿ ಸುರಿದ ಮರಂನಲ್ಲಿ ಅಗಲವಾಗಿ ಊರಿದ ಟೈರು ಕಡಿಮೆ ಹೂತುಹೋಗುತ್ತದೆ, ಕಡಿಮೆ ಜಾರುತ್ತದೆ. ಆದರೆ ತೀರ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕು ಎರಡು ತೂತು ಬೀಳುತ್ತವೆ. ಟೈರು ಅಗಲವಾಗಿದ್ದಷ್ಟೂ ಈ ಅಪಾಯವಿಲ್ಲದೆ ಗಾಳಿ ಇಳಿಸಬಹುದು.

ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಹಳ್ಳಿಯ ಕಲ್ಲುದಾರಿಗಳ ಮೇಲೆ 200 ಮೈಲಿಗಳ ಸೈಕಲ್ ಪಂದ್ಯ ಶುರುವಾಯಿತು. ಅಂಥ ಪಂದ್ಯಗಳ ಬೆನ್ನಿಗೇ ಗ್ರಾವೆಲ್ ಬೈಕ್ ಎಂಬ ಹೊಸ ತಳಿ ಮಾರುಕಟ್ಟೆಗೆ ಬಂತು. ಅದರ ಹೆಗ್ಗುರುತು 40 ಮಿಲಿಮೀಟರ್ ಆಸುಪಾಸಿನ ಅಗಲದ ಟೈರು. ನಮ್ಮ ಊರುಗಳ ಕರಿ ಬಣ್ಣದ ದೊಡ್ಡ ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್! ಉದ್ದನೆಯ ಮೈ, ಮುಂದಕ್ಕೆ ಬಾಗಿದ ಫೋರ್ಕು, ದೊಡ್ಡ ಚಕ್ರ, ಎಲ್ಲವೂ ಡಾಂಬರು ಕಾಣದ ದಾರಿಗಳಿಗಾಗಿಯೇ ಬಂದ ವಿನ್ಯಾಸ. ತೂಕ 20 ಕೆ.ಜಿ. ಆಗುತ್ತದೆ ಎಂಬ ದೂರು ಇದ್ದದ್ದೇ. ಆದರೆ ಸಮತಟ್ಟು ದಾರಿಯಲ್ಲಿ 10 ಕೆ.ಜಿ. ಹೆಚ್ಚುವರಿ ತೂಕದ ದಂಡ 15ರ ವೇಗದಲ್ಲಿ ಬರೀ ನಾಲ್ಕು ವಾಟ್. ಏರಿಲ್ಲದ ಕಡೆ ಗೇರಿನ ಹಂಗೂ ಇಲ್ಲ.

ವಾಹನ ಓಡದ ದಾರಿಯ ಲಾಭ ಜೀವಭಯ ತಪ್ಪುವುದಷ್ಟೇ ಅಲ್ಲ. ಮಣ್ಣಿನ ರಸ್ತೆಗಳ ಮೇಲೆ ಬರೆ ಎಳೆದಂತೆ ಏಳುವ ಏರಿಳಿತಗಳನ್ನು ಕೆನಡಾ, ಫ್ರಾನ್ಸ್, ಬ್ರಿಟನ್ನಿನ ಭೌತವಿಜ್ಞಾನಿಗಳು 2007ರಲ್ಲಿ ಪ್ರಯೋಗಾಲಯದಲ್ಲೇ ಮೂಡಿಸಿ ನೋಡಿದರು. ಮರಳಿನ ಮೇಲೆ ಚಕ್ರ ಒಂದು ಮಿತಿ ಮೀರಿದ ವೇಗದಲ್ಲಿ ಉರುಳಿದಾಗ ಮಾತ್ರ ಅಲೆಗಳು ಏಳುತ್ತವೆ, ಆ ಮಿತಿಗಿಂತ ಕಡಿಮೆ ವೇಗದಲ್ಲಿ ನೆಲ ಚಪ್ಪಟೆಯಾಗಿಯೇ ಉಳಿಯುತ್ತದೆ. ವೇಗದ ವಾಹನ ಕಡಿಮೆಯಾದಷ್ಟೂ ದಂಡೆಯ ಹಾಸು ಹೆಚ್ಚು ಕಾಲ ಬಾಳುತ್ತದೆ.

ಹಾಸು ಕಿತ್ತುಹೋದರೆ ಕೆಳಗಿರುವುದು ಎರೆ ಮಣ್ಣು. ಇದರ ಜೇಡಿಕಣಗಳ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಈ ಉಬ್ಬರಕ್ಕೆ ಕಾಲುವೆಯ ಕಾಂಕ್ರೀಟ್ ಹಾಸೂ ಸೀಳುತ್ತದೆ. ಮುಂಬಯಿ ಐಐಟಿಯ ಪ್ರೊ. ಆರ್.ಕೆ. ಕಟ್ಟಿ ಇದಕ್ಕೆ ಮದ್ದು ಕಂಡುಕೊಂಡರು: ಎರೆ ಮಣ್ಣಿಗೂ ಕಾಂಕ್ರೀಟಿಗೂ ನಡುವೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಹಾಕುವುದು. ಸೈಕಲ್ಲಿಗೆ ಹಸಿ ಎರೆಯ ಕಾಟ ಬೇರೆ ಬಗೆಯದು. ಅದು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಮಳೆ ಬಿದ್ದ ದಿನ ಅಂಥ ತುಂಡುಗಳನ್ನು ಬಿಡಬೇಕು. ದಂಡೆಯುದ್ದಕ್ಕೂ ಬೆಳೆದ ಜಾಲಿಯ ಮುಳ್ಳಿಗೆ ಮಾತ್ರ ಯಾವ ಟೈರೂ ಪೂರ್ತಿ ನಿಶ್ಚಿಂತವಲ್ಲ. ಹೊರಡುವಾಗ ಪಂಪು, ಪಂಚರ್ ಸಾಮಾನು ಜೊತೆಗಿರಲಿ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಏಪ್ರಿಲ್ ಮೇ ಬಿಸಿಲಿನಲ್ಲಿ ಬೇಡ. ನೀರಿನ ಅಂಚಿನಿಂದ ದೂರ ಇರಿ. ಪಾಚಿ ಕಟ್ಟಿದ ಇಳಿಜಾರು ಕಾಂಕ್ರೀಟಿನ ಮೇಲೆ ಜಾರಿ ಬಿದ್ದರೆ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ. ಕತ್ತಲಾದ ಮೇಲೆ ದಂಡೆಗೆ ಹೋಗಬೇಡಿ. ಈ ದಾರಿ ಕಾಲುವೆಯ ನಿರ್ವಹಣೆಗೆ ಮೀಸಲಾದದ್ದು, ಇಲಾಖೆಯವರು ತಡೆದರೆ ಮರಳುವುದೇ ಸರಿ.

ಇಲಾಖೆಗೂ ಒಂದು ಮಾತು. ಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2006-07ರಲ್ಲಿ. ಸೈಕಲ್ ಕೊಟ್ಟಷ್ಟು ಸುಲಭವಾಗಿ ಸುರಕ್ಷಿತ ದಾರಿಯನ್ನು ಕೊಡಲಾಗಲಿಲ್ಲ. ಕಾಲುವೆ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಮರಂ ಹಾಸಿ ರೋಲರ್ ಹೊಡೆಯುವುದು, ಜಾಲಿ ಕೀಳುವುದು, ಊರುಗಳ ಬಳಿ ಮತ್ತು ತಿರುವುಗಳಲ್ಲಿ ತಡೆಬೇಲಿ ಕಟ್ಟುವುದು ಸೇರಲಿ. ಭೂಮಿ ಸ್ವಾಧೀನ ಬೇಕಿಲ್ಲ, ಏರು ತಗ್ಗಿಸಬೇಕಿಲ್ಲ. ದಾರಿಯ ದುಬಾರಿ ಕೆಲಸವೆಲ್ಲ ದಶಕಗಳ ಹಿಂದೆಯೇ ಮುಗಿದಿದೆ.